ನನ್ನ ಅವಳಿಯ ಹೊಸ ಮೂಗು

ಹೊಟ್ಟೆಕಿಚ್ಚು ಅಂದ್ರೆ ಹೊಟ್ಟೆಕಿಚ್ಚೇ, ಸುತ್ತಿ ಬಳಸಿ ಯಾಕೆ ಹೇಳ್ಲಿ? ನನ್ನ ತಂಗಿ ಮೂಗು ಆಪರೇಷನ್ ಮಾಡಿಸ್ಕೊಂಡು ಚೆಂದ ಆದಳು, ನನಗೆ ಹೊಟ್ಟೆ ಉರೀತು. ಇನ್ನೂ ಉರೀತಿದೆ.

ನಾವು ಅವಳಿ. ನಾನು ಆರು ನಿಮಿಷ ದೊಡ್ಡವಳು, ಅಷ್ಟಕ್ಕೇ ಅವಳ ಬಾಯಲ್ಲಿ ಅಕ್ಕ. ಇಬ್ಬರಿಗೂ ಅಪ್ಪನ ಮೂಗು: ನಡುವೆ ಉಬ್ಬು, ತುದಿ ಬಾಗಿ ತುಟಿ ಕಡೆ ಇಣುಕೋದು. ಶಾಲೆಯಲ್ಲಿ ನಮ್ಮನ್ನ ಜೋಡಿ ಗಿಣಿ ಅಂತಿದ್ರು. ಒಬ್ಬಳೇ ಇದ್ದಿದ್ರೆ ಅಳ್ತಿದ್ದೆನೋ ಏನೋ. ಇಬ್ಬರಿದ್ದೆವು, ಕರೆದವರನ್ನೇ ಅಳಿಸಿ ಬರ್ತಿದ್ದೆವು. ದೊಡ್ಡವರಾದ ಮೇಲೆ ಅವಳು ಟೀಚರ್ ಆದಳು, ನಾನು ಕನ್ನಡಕದ ಅಂಗಡಿ ಸೇರಿದೆ. ಇಪ್ಪತ್ತು ವರ್ಷದಿಂದ ಕಂಡವರ ಮೂಗಿನ ಮೇಲೆ ಫ್ರೇಮ್ ಕೂರಿಸೋದೇ ನನ್ನ ಕೆಲಸ. ಯಾವ ಮೂಗಿಂದ ಯಾವ ಫ್ರೇಮ್ ಜಾರುತ್ತೆ ಅಂತ ಗಿರಾಕಿ ಬಾಗಿಲಲ್ಲಿರುವಾಗಲೇ ಹೇಳ್ತೀನಿ.

ಹೋದ ವರ್ಷ ಒಂದು ದಿನ ತಂಗಿ ಬಂದು, "ಅಕ್ಕಾ, ಮೂಗು ಸರಿ ಮಾಡಿಸ್ಕೋತೀನಿ, ಡಾಕ್ಟರ್ ಹತ್ರ ಜೊತೆಗೆ ಬಾ" ಅಂದಳು.

"ನೆಗಡಿ ಆಯ್ತು ಅಂತ ಯಾರಾದ್ರೂ ಮೂಗು ಕೊಯ್ಸ್ಕೋತಾರೇನೇ?"

"ನಲವತ್ತೆರಡು ವರ್ಷದ ನೆಗಡಿ ಕಣಕ್ಕಾ ಇದು."

ಡಾಕ್ಟರಮ್ಮ ಮೂರು ದಾರಿ ಹೇಳಿದರು. ಮೊದಲನೇದು ಬರೀ ಸೂಜಿ. ಉಬ್ಬಿನ ಮೇಲೂ ಕೆಳಗೂ ಇರೋ ತಗ್ಗಿಗೆ ಮದ್ದು ತುಂಬಿಸಿದ್ರೆ ಮೂಗು ನೇರ ಕಾಣುತ್ತೆ, ಆದ್ರೆ ಚಿಕ್ಕದಾಗಲ್ಲ, ವರ್ಷ ಒಪ್ಪತ್ತಿನಲ್ಲಿ ಕರಗಿಹೋಗುತ್ತೆ. ಎರಡನೇದು ಹೊಳ್ಳೆ ಒಳಗಿಂದಲೇ ಕೊಯ್ದು ಉಬ್ಬು ತೇಯೋದು. ಹೊರಗೆ ಗುರುತು ಕಾಣಲ್ಲ, ಊತ ಬೇಗ ಇಳಿಯುತ್ತೆ, ಆದ್ರೆ ತುದಿಯನ್ನ ಹೆಚ್ಚು ತಿದ್ದೋದು ಕಷ್ಟ. ಮೂರನೇದು ಎರಡು ಹೊಳ್ಳೆ ನಡುವಿನ ಚರ್ಮ ಕೊಯ್ದು, ಮೇಲೆತ್ತಿ, ಒಳಗಿರೋದನ್ನೆಲ್ಲ ಕಣ್ಣಾರೆ ನೋಡಿ ತಿದ್ದೋದು. ಸಣ್ಣ ಗುರುತು ಉಳಿಯುತ್ತೆ, ತುದಿಯ ಊತ ಪೂರ್ತಿ ಇಳಿಯೋಕೆ ವರ್ಷ ಹಿಡಿಯುತ್ತೆ.

"ಸೂಜಿನೇ ಸಾಕು" ಅಂದೆ ನಾನು. ಕಾಳಜಿ ಅಂದ್ಕೊಂಡ್ರಾ? ಕರಗಿಹೋಗುತ್ತಲ್ಲ, ಮತ್ತೆ ನನ್ನ ಥರಾನೇ ಆಗ್ತಾಳಲ್ಲ ಅಂತ! ಡಾಕ್ಟರಮ್ಮ ನನ್ನ ಮೂಗಿನ ಮೇಲೇ ಬೆರಳಾಡಿಸಿ, "ನೋಡಿ, ತುದಿ ಇಷ್ಟು ಬಾಗಿದ್ರೆ ಮೂರನೇದೇ ಸರಿ" ಅಂದರು. ಪಾಠ ಅವಳಿಗೆ, ಬೋರ್ಡು ನನ್ನ ಮುಖ. ಅವಳು ಮೂರನೇದಕ್ಕೇ ಒಪ್ಪಿದಳು.

ಆಪರೇಷನ್ ಆದ ಮೇಲೆ ಆರು ವಾರ ಕನ್ನಡಕ ಮೂಗಿಗೆ ತಾಗೋ ಹಾಗಿರಲಿಲ್ಲ. ಅವಳಿಗೋ ಕನ್ನಡಕ ಇಲ್ದಿದ್ರೆ ಬಾಗಿಲು ಯಾವುದು ಗೋಡೆ ಯಾವುದು ಗೊತ್ತಾಗಲ್ಲ. ಫ್ರೇಮನ್ನ ಟೇಪಿನಿಂದ ಹಣೆಗೆ ಅಂಟಿಸಿ ಕೊಟ್ಟವಳು ನಾನೇ. ಹೊಟ್ಟೆ ಉರ್ಕೊಂಡೇ ಕೊಟ್ಟೆ.

ಊತ ಇಳಿದ ಮೇಲೆ ಶುರುವಾಯ್ತು ನೋಡಿ. ಜನ ಅವಳನ್ನ ನೋಡಿ ಮೂಗಿನ ಮೇಲೆ ಬೆರಳಿಡೋದು, ಆಮೇಲೆ ನನ್ನ ಕಡೆ ತಿರುಗಿ "ಓಹೋ, ಹೀಗಿತ್ತಲ್ವಾ!" ಅನ್ನೋದು. ಚಿಕ್ಕಮ್ಮ ನಮ್ಮಿಬ್ಬರನ್ನೂ ಪಕ್ಕಪಕ್ಕ ನಿಲ್ಲಿಸಿ ಫೋಟೋ ತೆಗೆದು ನೆಂಟರಿಗೆಲ್ಲ ಕಳಿಸಿದರು. ನನ್ನ ಗಂಡ "ನಿನ್ನ ತಂಗಿ ಚೆನ್ನಾಗಿ ಕಾಣ್ತಾಳೆ" ಅಂದು, ನನ್ನ ಮುಖ ನೋಡಿ, ಟೀವಿ ಸೌಂಡ್ ಜಾಸ್ತಿ ಮಾಡಿದರು. ಇವಳೋ, ಕನ್ನಡಕ ಜಾರುತ್ತೆ ಅಂತ ತಿಂಗಳಿಗೊಂದು ಸಲ ಅಂಗಡಿಗೆ ಬರೋಳು. ಮೂಗು ಮೆರೆಸೋಕೆ ಬರ್ತಾಳೆ ಅಂತ ಹಲ್ಲು ಕಚ್ಚಿಕೊಂಡು ಸರಿ ಮಾಡಿ ಕಳಿಸ್ತಿದ್ದೆ.

ಕೊನೆಗೆ ತಡೀಲಿಲ್ಲ. ಯಾರಿಗೂ ಹೇಳದೆ ಅದೇ ಡಾಕ್ಟರಮ್ಮನ ಹತ್ರ ಹೋದೆ. "ಮೂರನೇದೇ ಮಾಡಿ. ನನ್ನ ತಂಗಿಗೆ ಮಾಡಿದ ಹಾಗೇ." ಸೋಮವಾರಕ್ಕೆ ದಿನ ಗೊತ್ತಾಯ್ತು.

ಶನಿವಾರ ಸಂಜೆ ತಂಗಿ ಮತ್ತೆ ಅಂಗಡಿಗೆ ಬಂದಳು. "ಜಾರುತ್ತೆ ಅಕ್ಕಾ." ಕೂರಿಸಿ ನೋಡಿದೆ. ಸ್ಕ್ರೂ ಬಿಗಿಯಾಗಿತ್ತು, ಕಡ್ಡಿ ಕಿವಿ ಹಿಂದೆ ಸರಿಯಾಗಿತ್ತು. ತಲೆ ಅಲ್ಲಾಡಿಸು ಅಂದೆ, ಕನ್ನಡಕ ಕೂತಲ್ಲಿಂದ ಕದಲಲಿಲ್ಲ.

"ಎಲ್ಲೇ ಜಾರ್ತಿದೆ? ಯಾರನ್ನ ಆಟ ಆಡಿಸ್ತಿದ್ದೀಯ?"

ಅವಳು ನಕ್ಕಳು. "ಯಾವತ್ತೂ ಜಾರಿಲ್ಲಕ್ಕಾ. ಹೊಸ ಮೂಗು ನಂಗಿಷ್ಟಾನೇ, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಒಂದೊಂದ್ಸಲ ನನ್ನ ಮುಖ ನೋಡ್ಬೇಕು ಅನ್ಸುತ್ತೆ. ಆಗ ಇಲ್ಲಿಗೆ ಬರ್ತೀನಿ."

ನನಗೆ ಮೈಯೆಲ್ಲ ಉರಿದುಹೋಯ್ತು. ಹೊಸ ಮುಖಾನೂ ಅವಳಿಗೇ, ಹಳೇ ಮುಖಾನೂ ಅವಳಿಗೇ. ಹಳೇದನ್ನ ನಾನು ಹೊತ್ಕೊಂಡು ತಿರುಗ್ಬೇಕಂತೆ!

"ಸೋಮವಾರ ನಾನೂ ಮಾಡಿಸ್ಕೋತಿದ್ದೀನಿ" ಅಂದುಬಿಟ್ಟೆ.

ಅವಳ ನಗು ಹಾಗೇ ನಿಂತುಹೋಯ್ತು. "ಮಾಡಿಸ್ಕೋ ಅಕ್ಕಾ. ನಿನ್ನ ಮೂಗು, ನಿನ್ನಿಷ್ಟ" ಅಂದಳು. ಕನ್ನಡಕ ತೆಗೆದು, ಸೆರಗಿನಿಂದ ಒರೆಸಿ ಹಾಕ್ಕೊಂಡು, ಹತ್ತಿರ ಬಗ್ಗಿ ನನ್ನ ಮುಖವನ್ನ ಇನ್ನೊಂದು ಸಲ ನೋಡಿದಳು. ಅಪ್ಪ ತೀರಿಕೊಂಡ ದಿನ ಅವರನ್ನ ಹಾಗೇ ನೋಡಿದ್ದಳು.

ಸೋಮವಾರ ನಾನು ಹೋಗಲಿಲ್ಲ. ಅವಳ ಮೇಲಿನ ಪ್ರೀತಿಗೆ ಅಂದ್ಕೋಬೇಡಿ. ಹುಟ್ಟಿದಾಗಿನಿಂದ ನನ್ನ ಹತ್ರ ಇದ್ದದ್ದರಲ್ಲಿ ಅವಳು ಆಸೆಪಟ್ಟದ್ದು ಇದೊಂದೇ. ಅದನ್ನ ಅಷ್ಟು ಸುಲಭಕ್ಕೆ ಕಳ್ಕೋತೀನಾ?