ನೀಲವ್ವನ ಬೀಜದ ಮೆಣಸಿನಕಾಯಿ

ಶಿಗ್ಲಿಯ ರೈತ ಮಹಿಳೆ ನೀಲವ್ವ ತೀರಿಕೊಂಡ ಸುದ್ದಿ ನನಗೆ ತಡವಾಗಿ ತಿಳಿಯಿತು. ಮನೆಯವರನ್ನು ಮಾತಾಡಿಸಿ ಬರಲು ಗದಗಿನಿಂದ ಬೆಳಗಿನ ಬಸ್ಸು ಹತ್ತಿದೆ. ಆಧಾರ್ ತೋರಿಸಿ ಹೆಣ್ಣುಮಕ್ಕಳ ಪುಕ್ಕಟೆ ಟಿಕೆಟ್ ಪಡೆದು ಕಿಟಕಿ ಪಕ್ಕ ಕುಳಿತೆ. ಶಿರಹಟ್ಟಿ ದಾಟಿದರೂ ಒಂದೇ ಸಂಕಟ: ಸತ್ತವರ ಮನೆಯಲ್ಲಿ ಬೀಜ ಕೇಳುವುದು ಹೇಗೆ?

ನನ್ನ ಕೆಲಸ ಗಿಡಗಳ ರೋಗದ್ದು. ವೈರಸ್ ಒಳಹೊಕ್ಕರೆ ಗಿಡವು ಅದರ ಆರ್‌ಎನ್‌ಎಯನ್ನು ಚೂರು ಚೂರು ಮಾಡುತ್ತದೆ. ಆರ್ಗೊನಾಟ್ ಎಂಬ ಪ್ರೋಟೀನು ಚೂರಿನ ಉದ್ದವನ್ನೂ ಮೊದಲ ತುದಿಯನ್ನೂ ನೋಡಿ ಗುರುತಿಸಿ, ಎರಡೂ ತುದಿ ಹಿಡಿದು ತನ್ನೊಳಗೆ ಇಟ್ಟುಕೊಳ್ಳುತ್ತದೆ. ಆ ಚೂರಿಗೆ ಹೊಂದುವ ವೈರಸ್ ಎಲ್ಲಿ ಸಿಕ್ಕರೂ ಕತ್ತರಿಸುತ್ತದೆ. ಹೋದ ವರ್ಷ ಶಿಗ್ಲಿಯ ಹೊಲದಲ್ಲಿ ಇದನ್ನು ಹೇಳಿದಾಗ ನೀಲವ್ವ ನಕ್ಕಿದ್ದರು. "ಕಳ್ಳನ ಫೋಟೋ ಕಿಸೇದಾಗ ಇಟ್ಕೊಂಡು ಅಡ್ಡಾಡೋ ಪೊಲೀಸ ಅನ್ರಿ ಹಂಗಾರ!"

ಅವರ ಮೆಣಸಿನ ಹೊಲಕ್ಕೆಲ್ಲ ವೈರಸ್ಸಿನ ನಂಜು ರೋಗ ಬಡಿದಿತ್ತು. ಒಂದೇ ಒಂದು ಗಿಡ ತಾನಾಗಿ ಚೇತರಿಸಿಕೊಂಡು ಚೆಂದದ ಚಿಗುರು ಬಿಟ್ಟಿತ್ತು. ಮುಂಡರಗಿ, ಹಮ್ಮಿಗಿ ಕಡೆ ಎಷ್ಟು ತಿರುಗಿದರೂ ಅಂಥದ್ದು ನನಗೆ ಸಿಕ್ಕಿರಲಿಲ್ಲ. ಆ ಗಿಡದ ಪ್ರೋಟೀನು ವೈರಸ್ಸಿನ ಚೂರುಗಳನ್ನು ಹೆಚ್ಚು ಗಟ್ಟಿಯಾಗಿ ಹಿಡಿಯುತ್ತದೆಯೇ ಎಂದು ನೋಡಬೇಕಿತ್ತು. "ಕಾಯಿ ಒಣಗಿಸಿ ಇಡ್ತೀನ್ರಿ, ಬಂದು ಒಯ್ಯರಿ" ಎಂದಿದ್ದರು ನೀಲವ್ವ.

ಲಕ್ಷ್ಮೇಶ್ವರದಲ್ಲಿ ಬಾಳೆಹಣ್ಣು ಕೊಂಡು, ಬಸ್ಸು ಬದಲಿಸಿ, ಬಿಸಿಲೇರುವ ಹೊತ್ತಿಗೆ ಶಿಗ್ಲಿ ತಲುಪಿದೆ. ನೀಲವ್ವನ ಗಂಡ ಫಕ್ಕೀರಪ್ಪನವರು ನನ್ನನ್ನು ಕಂಡು ಬಾಗಿಲಲ್ಲೇ ಅತ್ತುಬಿಟ್ಟರು. ನಾನೂ ಅತ್ತೆ.

"ಜ್ವರ ಅಂತ ಮಲಗಿದಾಕಿ ಏಳಲೇ ಇಲ್ರಿ ಅಕ್ಕಾರ. ಉಂಡ ಹೋಗ್ರಿ. ಬಂದವರನ್ನ ಆಕಿ ಹಂಗ ಕಳಿಸ್ತಿರಲಿಲ್ಲ."

ರೊಟ್ಟಿ, ಬದನೆಕಾಯಿ ಪಲ್ಯ, ಕೆಂಪು ಚಟ್ನಿ ಬಡಿಸಿದರು. ಚಟ್ನಿ ಬಲು ರುಚಿಯಾಗಿತ್ತು; ಮತ್ತೆ ಹಾಕಿಸಿಕೊಂಡೆ. ಕೈ ತೊಳೆಯುವ ಮುನ್ನ ಧೈರ್ಯ ಮಾಡಿ ಕೇಳಿದೆ: "ಕಾಕಾ, ನೀಲವ್ವಾರು ಬೀಜಕ್ಕಂತ ಕಾಯಿ ಇಟ್ಟಿದ್ರಲ್ರಿ?"

ಅವರು ಒಳಗೆ ಹೋಗಿ ಗೂಟಕ್ಕೆ ತೂಗುಹಾಕಿದ್ದ ಅರಿವೆ ಚೀಲ ತಂದರು. ಅದರಲ್ಲಿ ಏನೂ ಇರಲಿಲ್ಲ. ಸ್ವಲ್ಪ ಹೊತ್ತು ಚೀಲವನ್ನೇ ನೋಡಿದರು, ಆಮೇಲೆ ನನ್ನ ತಾಟನ್ನು.

"ದಿವಸಕ್ಕ ಬಂದ ಹೆಣ್ಣಮಕ್ಕಳಿಗೆ ಗೊತ್ತಿರಲಿಲ್ರಿ. ಎಣ್ಣ್ಯಾಗ ಹುರದು ಕುಟ್ಟಿಬಿಟ್ಟಾರ. ನಾನೂ ಲಕ್ಷ್ಯ ಕೊಡಲಿಲ್ಲ."

ಫಕ್ಕೀರಪ್ಪನವರು ಚಟ್ನಿಯ ಡಬ್ಬಿ ಬೆಳಕಿಗೆ ಹಿಡಿದು, ಕುಟ್ಟುವಾಗ ಒಡೆಯದೆ ಉಳಿದ ಬೀಜಗಳನ್ನು ಉಗುರಿನಿಂದ ಆರಿಸತೊಡಗಿದರು. ಧೋತರದ ಅಂಚಿಗೆ ಎಣ್ಣೆ ಒರೆಸಿ, ಕಾಗದದಲ್ಲಿ ಕಟ್ಟಿ ಕೊಟ್ಟರು.

"ಒಂದರೆ ಹುಟ್ಟತೈತಿ, ನೋಡ್ರಿ. ಆಕಿ ನಿಮಗಂತನ ಇಟ್ಟಿದ್ಲು."

ಹುರಿದ ಬೀಜ ಹುಟ್ಟುವುದಿಲ್ಲ. ಮಣ್ಣಿನಲ್ಲೇ ದುಡಿದ ಅವರಿಗೂ ಅದು ಗೊತ್ತಿರಲೇಬೇಕು. ಪೊಟ್ಟಣವನ್ನು ಜೋಪಾನವಾಗಿ ಚೀಲದಲ್ಲಿ ಇಟ್ಟುಕೊಂಡೆ. ಮರಳುವ ಬಸ್ಸಿನಲ್ಲಿ ಕಣ್ಣೊರೆಸಿಕೊಂಡೆ. ಬೆರಳಲ್ಲಿ ಉಳಿದಿದ್ದ ಖಾರಕ್ಕೆ ಗದಗು ಬರುವತನಕ ಕಣ್ಣು ಉರಿಯಿತು.

ಆ ಬೀಜಗಳನ್ನು ಲ್ಯಾಬಿನ ಕಿಟಕಿಯ ಕುಂಡದಲ್ಲಿ ಹಾಕಿದ್ದೇನೆ. ದಿನಾ ನೀರು ಹಾಕುತ್ತೇನೆ. ಫಕ್ಕೀರಪ್ಪನವರು ಆಗಾಗ ಫೋನ್ ಮಾಡುತ್ತಾರೆ.

"ಹುಟ್ಟ್ಯಾವೇನ್ರಿ ಅಕ್ಕಾರ?"

"ಇನ್ನೂ ಇಲ್ರಿ ಕಾಕಾ" ಎನ್ನುತ್ತೇನೆ. ಆಮೇಲೆ ಇಬ್ಬರೂ ನೀಲವ್ವನ ವಿಷಯ ಮಾತಾಡುತ್ತೇವೆ.