ಬಾವಲಿ ಡಾಕ್ಟರಮ್ಮ

ಡಾ. ಸುಜಾತಾ ಮರದ ಕೆಳಗೆ ಕೂರುವ ಮೊದಲು ತಲೆಯೆತ್ತಿ ಕೊಂಬೆಗಳನ್ನು ನೋಡುತ್ತಿದ್ದರು. ಏನೂ ಕಾಣದಿದ್ದರೂ ಅರ್ಧ ಸಂಶಯದಲ್ಲೇ ಕೂರುತ್ತಿದ್ದರು. ಅವರು ಪಶುವೈದ್ಯೆ; ಪ್ರಾಣಿಗಳಿಂದ ಮನುಷ್ಯರಿಗೆ ಹೊಸ ವೈರಸ್‌ಗಳು ಹೇಗೆ ದಾಟುತ್ತವೆಂಬುದು ಅವರ ಸಂಶೋಧನೆ. ಕಲಬುರಗಿಯ ಜೇವರ್ಗಿ ಕಾಲೋನಿಯಲ್ಲಿ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದರು. ಕಮಲಾಪುರದ ನಮ್ಮಣ್ಣ ಶರಣಪ್ಪನ ಕೆಂಪುಬಾಳೆ ತೋಟಕ್ಕೆ ಅವರನ್ನು ಕರೆದೊಯ್ದವನು ನಾನು.

ತೋಟದಂಚಿನ ಹುಣಸೆಮರದ ತುಂಬ ಬಾವಲಿಗಳು. ನಸುಕಿನಲ್ಲಿ ಸುಜಾತಾ ಮುಖಗವಸು, ಕೈಗವಸು ತೊಟ್ಟು ಮರದಡಿ ಪ್ಲಾಸ್ಟಿಕ್ ಹಾಳೆ ಹಾಸಿ, ಬಿದ್ದ ಮೂತ್ರದ ಹನಿಗಳನ್ನು ಸಣ್ಣ ಕೊಳವೆಗಳಿಗೆ ತುಂಬುತ್ತಿದ್ದರು.

"ಬಾವಲಿ ಉಚ್ಚಿಗೂ ಗಿರಾಕಿ ಅದಾರೇನ್ರಿ ಡಾಕ್ಟರಮ್ಮಾ?" ಅಣ್ಣ ಕೆಣಕುತ್ತಿದ್ದ.

"ನಿಮ್ಮ ಬಾಳಿಹಣ್ಣಿಗಿ ಗಿರಾಕಿ ಉಳೀಲಿ ಅಂತ ಹುಡುಕಾಕತ್ತೀನ್ರೀ."

ನಮ್ಮಲ್ಲಿ ಹಕ್ಕಿ ಕಚ್ಚಿದ ಹಣ್ಣೇ ಹೆಚ್ಚು ಸಿಹಿಯೆಂದು ಮಕ್ಕಳ ಕೈಗೆ ಕೊಡುವುದು ರೂಢಿ. ಅಂಥದ್ದೊಂದನ್ನು ಅಣ್ಣನ ಮೊಮ್ಮಗಳ ಕೈಯಿಂದ ಸುಜಾತಾ ಕಸಿದುಕೊಂಡರು. "ಇದು ಹಕ್ಕಿ ಕಚ್ಚಿದ್ದಲ್ರೀ. ಹಲ್ಲಿನ ಗುರುತು ಅದ."

ಮಗು ಜೋರಾಗಿ ಅತ್ತಿತು. ಸಂಜೆಯೊಳಗೆ, ಬಾಳೆಗೆ ರೋಗ ಬಂದಿದೆಯೆಂದು ಊರೆಲ್ಲ ಸುದ್ದಿ. ಶಹಾಬಜಾರದ ವ್ಯಾಪಾರಿ ಲತೀಫ್ ಸಾಬರು ಫಸಲು ಎತ್ತಲು ಒಪ್ಪಲಿಲ್ಲ. ಗೊನೆಗಳು ಗಿಡದಲ್ಲೇ ಹಣ್ಣಾಗತೊಡಗಿದವು.

ಪರೀಕ್ಷೆಯ ಫಲಿತಾಂಶ ಬಂದ ಮೇಲೆ ಅಣ್ಣ ಸುಜಾತಾರನ್ನೂ ಸಾಬರನ್ನೂ ತೋಟಕ್ಕೆ ಕರೆಸಿದ. ನಾನೂ ಜೊತೆಗಿದ್ದೆ.

"ವೈರಸ್ ಸಿಕ್ಕಿಲ್ಲ," ಅಂದರು ಸುಜಾತಾ.

"ಸಿಕ್ಕಿಲ್ಲ ಅಲ್ಲ, ಇಲ್ಲ ಅನ್ರಿ."

"ಹಂಗ ಅನ್ನಾಕ ಬರಂಗಿಲ್ರೀ. ನಾ ನೋಡಿದ್ರಾಗ ಸಿಕ್ಕಿಲ್ಲ, ಅಷ್ಟೇ."

ಅಣ್ಣ ಹಣ್ಣೊಂದನ್ನು ಕಿತ್ತು ಮುಂದೆ ಹಿಡಿದ. "ಹಂಗಾರ ತಿನ್ರಿ, ನೋಡೂಣು."

ಸುಜಾತಾ ಅದನ್ನು ತಿರುಗಿಸಿ ನೋಡಿ, ತೊಳೆದು, ಸುಲಿದು, ಪೂರ್ತಿ ತಿಂದರು.

"ಬಸ್! ಇನ್ನೇನ್ ಸಬೂತ್ ಬೇಕ್ರಿ?" ಸಾಬರು ನಗುತ್ತ ಗೊನೆಗೆ ಕೈ ಹಾಕಿದರು.

"ನಾ ತಿಂದಿದ್ದು ಸಬೂತ್ ಅಲ್ರೀ. ಕಚ್ಚಿದ್ದು ಹೂಳ್ರಿ. ಉಳಿದದ್ದು ತೊಳದು ತಿನ್ರಿ."

ಸಾಬರ ಕೈ ಹಿಂದೆ ಬಂತು. ಮುಂದೆ ಆ ಸಲದ ಗೊನೆಗಳೆಲ್ಲ ಗಿಡದಲ್ಲೇ ಕೊಳೆತವು.

"ಇನ್ನ ನಮ್ಮ ತ್ವಾಟಕ್ಕ ಬರಬ್ಯಾಡ್ರಿ," ಅಣ್ಣ ಅವತ್ತು ಅಲ್ಲೇ ಸುಜಾತಾಗೆ ಹೇಳಿಬಿಟ್ಟ. ಸುಜಾತಾ ಹಾಳೆ ಮಡಚಿಕೊಂಡು ನಡೆದರು. ಸಿಟ್ಟಾಗಿದ್ದರೋ ಇಲ್ಲವೋ ಹೇಳಲಾರೆ. ಮುಖಗವಸು ಮತ್ತೆ ಏರಿಸಿದ್ದರು. ಅವರು ಗೇಟು ದಾಟುತ್ತಲೇ ಅಣ್ಣ ನನ್ನ ರಟ್ಟೆ ಹಿಡಿದ. "ಆ ಹಣ್ಣು ತಿಂದು ಆಕೀಗಿ ಜ್ವರ ಬಂದ್ರ ನಮಗ ಯಾರ್ ಹೇಳ್ತಾರ?"

ಅವರು ಮನೆ ಖಾಲಿ ಮಾಡುವ ತನಕ ಮಹಡಿಯ ಸದ್ದಿಗೆ ಕಿವಿಗೊಟ್ಟಿದ್ದೆ. ಕೆಮ್ಮು ಕೇಳಲಿಲ್ಲ. ಬೇರೆ ಜಿಲ್ಲೆಗೆ ಹೋದರು. ಕೊಟ್ಟ ನಂಬರು ಈಗ ಹತ್ತುವುದಿಲ್ಲ. ಅಣ್ಣ ಫೋನು ಮಾಡಿದಾಗಲೆಲ್ಲ ಬೆಳೆಯ ಮಾತು, ಮನೆಯ ಮಾತು ಮುಗಿಸಿ, ಇಡುವ ಮೊದಲು ದನಿ ತಗ್ಗಿಸುತ್ತಾನೆ: "ಆ ಡಾಕ್ಟರಮ್ಮ ಆರಾಮ್ ಅದಾರಂತೇನು?"