ಗಾಜು ತಟ್ಟಿ ಎಂದವನು

ಗ್ಯಾರೇಜಿನಲ್ಲಿ ಅವನನ್ನು ಎಲ್ಲರೂ ಮುಳ್ಳಪ್ಪ ಎಂದೇ ಕರೆಯುತ್ತಿದ್ದರು. ಹಳೆಯ ಕಾರುಗಳಿಗೆ ಎಂಜಿನ್ ಆಯಿಲಿನ ಶಾಖ ಮತ್ತು ಪ್ರೆಶರ್ ತೋರಿಸುವ ದುಂಡು ಮೀಟರುಗಳನ್ನು ಕೂರಿಸುವುದರಲ್ಲಿ ಅವನದು ಎತ್ತಿದ ಕೈ. "ಕಾರಿನ ಆಯಿಲ್ ಕೆಂಪು ದೀಪ ನಂಬ್ಕೊಂಡ್ರೆ ಕೆಟ್ರಿ. ಅದು ಹೊತ್ಕೊಳ್ಳೋ ಹೊತ್ತಿಗೆ ಎಂಜಿನ್ ಕಥೆ ಮುಗಿದಿರುತ್ತೆ," ಎಂದು ಗಿರಾಕಿಗಳನ್ನು ಹೆದರಿಸುತ್ತಿದ್ದ. ಮಾತು ಸುಳ್ಳಲ್ಲ. ಆದರೆ ನಾಲಿಗೆಗೆ ಎಲುಬಿಲ್ಲ ನೋಡಿ, ಹೆದರಿಸಿದ ಬಾಯಲ್ಲೇ ಧೈರ್ಯವನ್ನೂ ಹೇಳುತ್ತಿದ್ದ.

ಅವನು ತರುತ್ತಿದ್ದ ಅಗ್ಗದ ಮೀಟರುಗಳ ಮುಳ್ಳು ಆಗಾಗ ಸೊನ್ನೆಯಲ್ಲೇ ಅಂಟಿಕೊಳ್ಳುತ್ತಿತ್ತು. ಯಾರಾದರೂ ದೂರಿದರೆ ಬೆರಳ ಗೆಣ್ಣಿನಿಂದ ಗಾಜು ತಟ್ಟಿ ಮುಳ್ಳನ್ನು ಎಬ್ಬಿಸಿ ತೋರಿಸುತ್ತಿದ್ದ. "ಬಿದ್ರೆ ತಟ್ಟಿ, ಏಳುತ್ತೆ. ಬೆಳಗ್ಗೆ ಮಕ್ಕಳನ್ನ ಎಬ್ಬಿಸಲ್ವಾ, ಹಾಗೆ." ಗಿರಾಕಿಗಳು ನಕ್ಕು ಹೋಗುತ್ತಿದ್ದರು.

ಟ್ಯಾಕ್ಸಿ ಓಡಿಸುತ್ತಿದ್ದ ತಂಗಿಯ ಗಂಡನಿಗೂ ಅವನೇ ಮೀಟರ್ ಹಾಕಿಕೊಟ್ಟ. ಕೆಂಪು ದೀಪದ ಸ್ವಿಚ್ಚು ಬಿಚ್ಚಿ ಅದೇ ತೂತಿಗೆ ಮೀಟರಿನ ಕೊಳವೆ ಸೇರಿಸಿದ್ದರಿಂದ ದೀಪ ಸತ್ತೇ ಹೋಯಿತು. ಎರಡನ್ನೂ ಉಳಿಸಬಲ್ಲ ಕವಲು ನಳಿಕೆ ಕಪಾಟಿನಲ್ಲೇ ಇತ್ತು. ಮನೆಯ ಕಾರು ತಾನೇ ಎಂದು ಸುಮ್ಮನಾಗಿದ್ದ.

ಒಂದು ಮಧ್ಯಾಹ್ನ ಏರುದಾರಿಯಲ್ಲಿ ಕಲ್ಲು ಬಡಿದು ಎಂಜಿನ್ನಿನ ತಳ ಒಡೆಯಿತು. ಆಯಿಲ್ ಎಲ್ಲ ರಸ್ತೆಗೆ ಸೋರಿ, ಪ್ರೆಶರಿನ ಮುಳ್ಳು ಸೊನ್ನೆಗೆ ಬಿತ್ತು. ತಂಗಿಯ ಗಂಡ ಕಾರು ನಿಲ್ಲಿಸಲಿಲ್ಲ, ಗಾಜು ತಟ್ಟಿದ. ಮತ್ತೆ ತಟ್ಟಿದ. ಕೊನೆಗೆ ಎಂಜಿನ್ ಬಿಗಿದುಕೊಂಡು ಕಾರು ನಡುರಸ್ತೆಯಲ್ಲಿ ನಿಂತಿತು. ಏನಾಯಿತೆಂದು ನೋಡಲು ಅವನು ಕೆಳಗಿಳಿಯುವಷ್ಟರಲ್ಲಿ ಹಿಂದಿನಿಂದ ಲಾರಿ ಬಂದು ಗುದ್ದಿತು. ಅವನ ಬಲಗಾಲನ್ನು ತೊಡೆಯವರೆಗೆ ತೆಗೆಯಬೇಕಾಯಿತು. ತರಚು ಗಾಯದಲ್ಲಿ ಪಾರಾದ ಪ್ರಯಾಣಿಕನೊಬ್ಬ, ಡ್ರೈವರ್ ಮೀಟರ್ ನೋಡುತ್ತಲೇ ಇದ್ದ, ಆದರೂ ಓಡಿಸಿದ ಎಂದು ಕಂಡವರಿಗೆಲ್ಲ ಹೇಳಿದ.

ಆ ಮಾತು ತಂಗಿಯ ಕಿವಿಗೆ ಬಿದ್ದಮೇಲೆ ಗಂಡನಿಗೆ ಹಾಸಿಗೆಯಲ್ಲೂ ನೆಮ್ಮದಿಯಿಲ್ಲ. "ಅಣ್ಣ ಅಷ್ಟು ಆಸ್ಥೆಯಿಂದ ಹಾಕ್ಕೊಟ್ಟಿದ್ದ. ಕಣ್ಣಿದ್ದೂ ಕುರುಡರಾದ್ರೆ ಯಾರೇನು ಮಾಡಕ್ಕಾಗುತ್ತೆ?" ಎಂದು ಕಸ ಗುಡಿಸುವಾಗಲೂ ಬಟ್ಟೆ ಮಡಚುವಾಗಲೂ ಅನ್ನುತ್ತಿದ್ದಳು. ಅವನು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದ. ನೋಡಲು ಬಂದ ಮುಳ್ಳಪ್ಪನಿಗೆ ಅದು ಕೇಳಿ ನಾಚಿಕೆಯಾಯಿತು. ಅವಳು ಅಡುಗೆಮನೆಗೆ ಹೋದದ್ದೇ ಮಂಚದ ಹತ್ತಿರ ಬಗ್ಗಿದ.

"ತಟ್ಟು ಅಂದಿದ್ದು ನಾನು ಅಂತ ಇವತ್ತು ಹೇಳ್ಬಿಡ್ತೀನಿ."

"ಬೇಡ ಭಾವ," ಎಂದ ಅವನು, ಗೋಡೆಯಿಂದ ಮುಖ ತಿರುಗಿಸದೆ. "ನನ್ ಮೇಲಿನ ನಂಬಿಕೆ ಹೇಗೂ ಹೋಯ್ತು. ನಿಮ್ಮನ್ನೂ ಹೊಸ್ತಿಲಾಚೆ ನಿಲ್ಸಿದ್ರೆ ಆಮೇಲೆ ಅವಳಿಗೆ ಯಾರಿದಾರೆ?"

ತಂಗಿ ಚಹಾ ತಂದಳು. ಮೊದಲ ಲೋಟ ಅಣ್ಣನ ಕೈಗಿಟ್ಟು, "ನೀನಿಲ್ದೇ ಹೋಗಿದ್ರೆ ನಮ್ ಗತಿ ಏನಾಗ್ತಿತ್ತಣ್ಣ," ಎಂದಳು. ಮುಳ್ಳಪ್ಪ ಒಂದು ಗುಟುಕು ಕುಡಿದು ಬಾಯಿ ತೆರೆದ. ಮಂಚದ ಮೇಲಿದ್ದವನು ಈಗ ಅವನತ್ತ ತಿರುಗಿದ.

"ಸಕ್ಕರೆ ಸ್ವಲ್ಪ ಕಮ್ಮಿ ಆಯ್ತಮ್ಮ," ಎಂದ ಮುಳ್ಳಪ್ಪ.